ರಿಯಾಯಿತಿ ಕೇಳುವುದು ತಪ್ಪಲ್ಲ, ಆದರೆ ಕೇಳುತ್ತಿರುವುದು ಯಾರನ್ನು?

ಆಷಾಢ ಬಂತೆಂದರೆ ಬೆಂಗಳೂರಿನ ಚಿಕ್ಕಪೇಟೆಯಿಂದ ಹಿಡಿದು ದಾವಣಗೆರೆ, ಹುಬ್ಬಳ್ಳಿಯ ಬಟ್ಟೆ ಅಂಗಡಿಗಳವರೆಗೆ ರಿಯಾಯಿತಿಯ ಫಲಕಗಳು ತೂಗಾಡತೊಡಗುತ್ತವೆ. ಮದುವೆ ಮುಂಜಿಗಳಿಲ್ಲದ ಆ ತಿಂಗಳಲ್ಲಿ ವ್ಯಾಪಾರ ಕುಂದುತ್ತದೆ. ಹಳೆಯ ದಾಸ್ತಾನು ಕರಗಿಸಿ ಶ್ರಾವಣದ ಹೊಸ ಮಾಲಿಗೆ ಜಾಗ ಮಾಡಿಕೊಳ್ಳುವುದು ವ್ಯಾಪಾರಿಯ ಲೆಕ್ಕಾಚಾರ. ಕಡಿಮೆ ಬೆಲೆಗೆ ಒಳ್ಳೆಯ ಸೀರೆ ಸಿಗಲೆಂಬುದು ಗ್ರಾಹಕರ ಆಸೆ. ಎರಡೂ ನ್ಯಾಯವೇ. ಆದರೆ ಈ ಇಬ್ಬರ ನಡುವೆ ಮೂರನೆಯ ವ್ಯಕ್ತಿಯೊಬ್ಬರು ನಿಂತಿರುತ್ತಾರೆ. ನಲವತ್ತು ಸೀರೆಗಳನ್ನು ಬಿಚ್ಚಿ ಹರಡಿ, ಗ್ರಾಹಕರು ಎದ್ದುಹೋದ ಮೇಲೆ ಅಷ್ಟನ್ನೂ ಮತ್ತೆ ಮಡಿಸಿಡುವವರು ಅವರು.

"ಇನ್ನೆಷ್ಟು ಬಿಡ್ತೀಯಾ?" ಎಂಬ ಪ್ರಶ್ನೆ ಮೊದಲು ಬೀಳುವುದು ಅವರ ಮೇಲೆ. "ಒಂದೇ ಬೆಲೆ, ಕಡಿಮೆ ಮಾಡಲು ಆಗುವುದಿಲ್ಲ" ಎಂದರೆ ಗ್ರಾಹಕರ ದನಿ ಏರುತ್ತದೆ. ಕನ್ನಡದಲ್ಲಿ ಏಕವಚನವೂ ಉಂಟು, ಬಹುವಚನವೂ ಉಂಟು. ತಮಗಿಂತ ಹಿರಿಯರಾದ ನೌಕರರನ್ನು ಏಕವಚನದಲ್ಲಿ ಕರೆಯುವ ಬಾಯಿ, ಗಲ್ಲಾದ ಬಳಿ ಕುಳಿತ ಮಾಲೀಕರ ಎದುರು ತಾನಾಗಿಯೇ ಬಹುವಚನಕ್ಕೆ ತಿರುಗುವುದನ್ನು ಯಾವ ಅಂಗಡಿಯಲ್ಲಾದರೂ ಕಾಣಬಹುದು.

ಚೌಕಾಸಿ ಬದಲಾದ ಬಗೆ

ಚೌಕಾಸಿ ನಮ್ಮ ಪೇಟೆಗಳಿಗೆ ಹೊಸತಲ್ಲ. ಸಂತೆಯಲ್ಲಿ, ಸಣ್ಣ ಅಂಗಡಿಯಲ್ಲಿ ಮಾರುವವನೇ ಮಾಲೀಕ. ಸರಕಿನ ಅಸಲು ಎಷ್ಟು, ಎಲ್ಲಿಯವರೆಗೆ ಇಳಿದರೆ ನಷ್ಟವಿಲ್ಲ ಎಂಬುದು ಅವನಿಗೆ ಗೊತ್ತು. ಬೋಣಿಯ ಹೊತ್ತಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಾಲ್ಕು ರೂಪಾಯಿ ಬಿಟ್ಟರೂ ಅದು ಅವನದೇ ಹಣ. ಕೊಡಲಾರೆ ಎನ್ನುವ ಸ್ವಾತಂತ್ರ್ಯ ಅವನಿಗಿತ್ತು, ಬೇಡವೆಂದು ಎದ್ದುಹೋಗುವ ಸ್ವಾತಂತ್ರ್ಯ ಗಿರಾಕಿಗಿತ್ತು. ಅದು ಸಮಾನರ ಮಾತುಕತೆ.

ದೊಡ್ಡ ಮಳಿಗೆಗಳು ಬಂದಾಗ ಈ ಮಾತುಕತೆಯ ಜಾಗದಲ್ಲಿ ಬೆಲೆಚೀಟಿ ಕುಳಿತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬಾನ್ ಮಾರ್ಶೆಯಂತಹ ಮಳಿಗೆಗಳು ಪ್ರತಿ ವಸ್ತುವಿಗೂ ನಿಗದಿತ ಬೆಲೆ ನಮೂದಿಸುವ ಪದ್ಧತಿಯನ್ನು ಬೆಳೆಸಿದವು. ನೂರಾರು ನೌಕರರು ಮಾರಾಟಕ್ಕೆ ನಿಂತ ಕಡೆ ಪ್ರತಿಯೊಬ್ಬರಿಗೂ ಬೆಲೆ ಇಳಿಸುವ ಅಧಿಕಾರ ಕೊಟ್ಟರೆ ಲೆಕ್ಕ ನಿಲ್ಲುವುದಿಲ್ಲ ಎಂಬುದು ಇದರ ಹಿಂದಿನ ಸರಳ ತರ್ಕ. ಇಂದು ನಮ್ಮ ನಗರಗಳ ದೊಡ್ಡ ಅಂಗಡಿಗಳೂ ಅದೇ ತರ್ಕದ ಮೇಲೆ ನಡೆಯುತ್ತಿವೆ. ಬೆಲೆ ಬಾರ್‌ಕೋಡಿನಲ್ಲಿದೆ, ಅದನ್ನು ಬದಲಿಸುವ ಪಾಸ್‌ವರ್ಡ್ ವ್ಯವಸ್ಥಾಪಕರ ಬಳಿ ಇದೆ. ಬಿಲ್ ಹಾಕುವವರು ದಾಕ್ಷಿಣ್ಯಕ್ಕೆ ಬಿದ್ದು ಇಪ್ಪತ್ತು ರೂಪಾಯಿ ಬಿಟ್ಟರೆ ಸಂಜೆಯ ಲೆಕ್ಕದಲ್ಲಿ ಅಷ್ಟು ಕಡಿಮೆ ಬೀಳುತ್ತದೆ. ಅದನ್ನು ತುಂಬಿಕೊಡಬೇಕಾದವರು ಹಲವೆಡೆ ಅವರೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಅಂಗಡಿಯಲ್ಲಿ ನಾವು ನೌಕರರನ್ನು ಇಂತಹ ಪೂಜಾರಿ ಎಂದೇ ಭಾವಿಸುತ್ತೇವೆ. ನಿಜಸ್ಥಿತಿ ತದ್ವಿರುದ್ಧ. ಅವರಿಗೆ ಕೊಡುವ ಮನಸ್ಸಿದ್ದರೂ ವರ ಅವರ ಕೈಯಲ್ಲಿಲ್ಲ.

ಕಾನೂನು ಏನೆನ್ನುತ್ತದೆ?

ರಿಯಾಯಿತಿ ಕೇಳಲು ಅಡ್ಡಿಯಿಲ್ಲ. ಪೊಟ್ಟಣದ ಮೇಲೆ ಮುದ್ರಿಸುವ ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರುವುದು ಕಾನೂನುಬಾಹಿರ, ಕಡಿಮೆಗೆ ಮಾರಲು ತಡೆಯಿಲ್ಲ. ಹಾಗೆಯೇ, ಮಾರಲೇಬೇಕೆಂಬ ಕಡ್ಡಾಯವೂ ಇಲ್ಲ. 2017ರಲ್ಲಿ ಜಾರಿಗೆ ಬಂದ ಜಿಎಸ್‌ಟಿ ವ್ಯವಸ್ಥೆಯಲ್ಲಿ, ಮಾರಾಟದ ಹೊತ್ತಿಗೇ ಕೊಟ್ಟ ರಿಯಾಯಿತಿಯನ್ನು ಬಿಲ್ಲಿನಲ್ಲಿ ನಮೂದಿಸಿದರೆ ಆ ಮೊತ್ತವನ್ನು ಕಳೆದು ಉಳಿದುದಕ್ಕೆ ತೆರಿಗೆ. ಹೀಗಾಗಿ ರಿಯಾಯಿತಿ ಬಾಯಿಮಾತಿನ ಸಂಗತಿಯಾಗಿ ಉಳಿಯದೆ ಲೆಕ್ಕಪುಸ್ತಕದ ಸಂಗತಿಯಾಗಿದೆ.

ಎಷ್ಟು ಬಿಡಲು ಸಾಧ್ಯ ಎಂಬುದೂ ಸರಕಿನಿಂದ ಸರಕಿಗೆ ಬೇರೆ. ಔಷಧದ ಅಂಗಡಿಯನ್ನೇ ನೋಡಿ. ಸರ್ಕಾರ ಗರಿಷ್ಠ ಬೆಲೆ ಕಟ್ಟುವ ಔಷಧಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ಚಿಲ್ಲರೆ ವ್ಯಾಪಾರಿಯ ಪಾಲೆಂದು ಲೆಕ್ಕಕ್ಕೆ ಹಿಡಿದಿರುವುದು ಶೇ. 16. ತೆರಿಗೆ ಬಿಟ್ಟು ಹೇಳುವುದಾದರೆ, ಅಂಗಡಿಗೆ 100 ರೂಪಾಯಿಗೆ ಬಂದ ಮಾತ್ರೆಯ ಬೆಲೆ 116 ರೂಪಾಯಿ. ಅದರಲ್ಲಿ ಶೇ. 10 ರಿಯಾಯಿತಿ ಎಂದರೆ 11 ರೂಪಾಯಿ 60 ಪೈಸೆ. ಉಳಿಯುವ 4 ರೂಪಾಯಿ 40 ಪೈಸೆಯಲ್ಲಿ ಬಾಡಿಗೆ, ವಿದ್ಯುತ್ತು, ನೌಕರರ ಸಂಬಳ ಎಲ್ಲವೂ ನಡೆಯಬೇಕು.

ಚಿನ್ನದ ಅಂಗಡಿಯ ಕಥೆ ಬೇರೆ. ಚಿನ್ನದ ಆ ದಿನದ ದರ ಫಲಕದ ಮೇಲಿರುತ್ತದೆ; ಮಾತಿಗೆ ಜಾಗವಿರುವುದು ಮಜೂರಿ ಮತ್ತು ವೇಸ್ಟೇಜಿನಲ್ಲಿ. ಮೈಸೂರು ರೇಷ್ಮೆ ಸೀರೆ ಮಾರುವ ಕೆಎಸ್‌ಐಸಿ, ಕೈಮಗ್ಗದ ಪ್ರಿಯದರ್ಶಿನಿಯಂತಹ ಸರ್ಕಾರಿ ಮಳಿಗೆಗಳಲ್ಲಿ ರಿಯಾಯಿತಿ ಬರುವುದು ನಿಗಮದ ಆದೇಶದಿಂದ. ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಖಾದಿಗೆ ದೊರೆಯುವ ರಿಯಾಯಿತಿಯೂ ಹಾಗೆಯೇ. ಅಲ್ಲಿನ ಗುಮಾಸ್ತರೊಡನೆ ವಾದಿಸಿ ಫಲವಿಲ್ಲ.

ನಿಂತೇ ಕಳೆಯುವ ದಿನ

ಮಾರಾಟದ ನೌಕರಿಯ ದಣಿವು ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದು. ವಾರಕ್ಕೆ 48 ಗಂಟೆಗಳ ದುಡಿಮೆ, ಒಂದು ದಿನದ ರಜೆ ಎಂಬುದು ಅದರ ಕಟ್ಟಳೆ. ಆದರೆ ಆ ಗಂಟೆಗಳು ಕಳೆಯುವುದು ಬಹುಪಾಲು ನಿಂತೇ. ಗ್ರಾಹಕರಿಲ್ಲದ ಹೊತ್ತಿನಲ್ಲೂ ಕುಳಿತುಕೊಳ್ಳಲು ಬಿಡದ ಬಟ್ಟೆ ಅಂಗಡಿಗಳ ವಿರುದ್ಧ ಕೇರಳದಲ್ಲಿ ಮಹಿಳಾ ನೌಕರರು ಹೋರಾಡಿದ ಫಲವಾಗಿ, ಅಲ್ಲಿನ ಸರ್ಕಾರ 2018ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ಆಸನ ಒದಗಿಸುವುದನ್ನು ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಅದೇ ಹಾದಿ ಹಿಡಿಯಿತು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾಯಿತು ಎಂಬುದೇ ಈ ದುಡಿಮೆಯ ಸ್ವರೂಪವನ್ನು ಹೇಳುತ್ತದೆ.

ಕಾಲಿನ ನೋವಿಗಿಂತ ಭಾರವಾದುದು ಮುಖದ ಮೇಲಿನ ನಗು. ಬೈಗುಳ ಕೇಳಿಯೂ ನಗುತ್ತಲೇ ಇರಬೇಕಾದ ಈ ಕೆಲಸವನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಭಾವನಾತ್ಮಕ ಶ್ರಮ ಎಂದು ಕರೆದರು. ಇದಕ್ಕೂ ರಕ್ಷಣೆ ಬೇಕೆಂಬ ಅರಿವು ಈಗೀಗ ಮೂಡುತ್ತಿದೆ. ಗ್ರಾಹಕರನ್ನು ಅತಿಯಾಗಿ ಗೌರವಿಸುವ ನಾಡೆಂದೇ ಹೆಸರಾದ ಜಪಾನಿನಲ್ಲಿ, ಗ್ರಾಹಕರ ಕಿರುಕುಳವನ್ನು ತಡೆಯುವ ಟೋಕಿಯೊ ನಗರಾಡಳಿತದ ನಿಯಮ 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ.

ಸಿಟ್ಟು ಸೇರಬೇಕಾದ ವಿಳಾಸ

ಗ್ರಾಹಕರ ಸಿಟ್ಟಿಗೆ ಕಾರಣಗಳಿಲ್ಲವೆಂದಲ್ಲ. "ಶೇ. 50ರವರೆಗೆ ರಿಯಾಯಿತಿ" ಎಂಬ ಫಲಕದಲ್ಲಿ ಐವತ್ತು ಆಳೆತ್ತರಕ್ಕಿರುತ್ತದೆ, "ವರೆಗೆ" ಮಾತ್ರ ಇರುವೆಯಷ್ಟು. ಒಳಗೆ ಹೋದರೆ ಅರ್ಧ ಬೆಲೆಯ ಬಟ್ಟೆ ಒಂದು ಮೂಲೆಯಲ್ಲಿ ನಾಲ್ಕಿರುತ್ತವೆ. ಮೋಸಹೋದೆವೆಂಬ ಭಾವನೆ ಸಹಜ. ಆದರೆ ಆ ಫಲಕ ಬರೆಸಿದವರು ಮಳಿಗೆಯಲ್ಲಿ ನಿಂತಿರುವುದಿಲ್ಲ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿದಂತೆ, ಬೈಗುಳವೆಲ್ಲ ಬೆಲೆಯನ್ನೂ ಕಟ್ಟದ, ಫಲಕವನ್ನೂ ಬರೆಯದ ನೌಕರರ ಪಾಲಾಗುತ್ತದೆ. ಅವರು ತಿರುಗಿ ಮಾತನಾಡಿದರೆ ದೂರು ಹೋಗುತ್ತದೆ, ಕೆಲಸವೂ ಹೋಗಬಹುದು. ತಿರುಗಿ ಮಾತನಾಡಲಾಗದವರ ಎದುರು ದನಿ ಏರಿಸುವುದನ್ನು ಚೌಕಾಸಿ ಎನ್ನಲಾಗದು.

ಸರಿಯಾದ ದಾರಿಗಳಿವೆ. ರಿಯಾಯಿತಿ ಬೇಕಿದ್ದರೆ "ಬೆಲೆಯ ವಿಷಯ ಯಾರ ಬಳಿ ಮಾತನಾಡಬೇಕು?" ಎಂದು ಒಮ್ಮೆ ಕೇಳಿದರೆ ಸಾಕು. ಇಲ್ಲವೆಂದರೆ ಪಕ್ಕದ ಅಂಗಡಿ ತೆರೆದೇ ಇದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸು ಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಎಂಆರ್‌ಪಿ ಮೀರಿದ ಬೆಲೆ, ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಉತ್ತರ ಹೇಳಬೇಕಾದವರು ಮಾಲೀಕರೇ.

ಮಾಲೀಕರ ಹೊಣೆಯೂ ಇಲ್ಲಿದೆ. ರಿಯಾಯಿತಿಯ ಷರತ್ತುಗಳನ್ನು ಓದಲು ಬರುವ ಅಕ್ಷರದಲ್ಲಿ ಬರೆಸಿ, ನೌಕರರನ್ನು ಗದರಿಸುವ ಗ್ರಾಹಕರ ಎದುರು ತಾವೇ ಬಂದು ನಿಂತರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಗ್ರಾಹಕರೇ ದೇವರು ಎಂದು ಅಂಗಡಿಗಳ ಗೋಡೆಯ ಮೇಲೆ ಬರೆದಿರುತ್ತದೆ. ಅಲ್ಲಿಂದ ಹೊರಬರುವಾಗ ನಮ್ಮ ಕೈಯಲ್ಲಿ ಬಿಲ್ ಇರುತ್ತದೆ, ಹಿಂದೆ ಮಡಿಸಬೇಕಾದ ಸೀರೆಗಳ ರಾಶಿ ಇರುತ್ತದೆ. ಕೊಳ್ಳದೆ ಎದ್ದರೂ "ತೊಂದರೆ ಕೊಟ್ಟೆವು, ಬರುತ್ತೇವೆ" ಎಂದು ಬಹುವಚನದಲ್ಲಿ ಹೇಳಿ ಹೊರಡಲು ಖರ್ಚೇನೂ ಇಲ್ಲ. ನಾವು ಕೊಡಬಹುದಾದ ರಿಯಾಯಿತಿ ಅಷ್ಟು.