ಆಫ್ ಆಗದ ಸ್ವಿಚ್

ನಮ್ಮತ್ತೆ ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: ‘ಯಜಮಾನ್ರು ಸಿಗರೇಟು ಸೇದ್ತಾರಾ?’ ಮಾವನೂ ಸೇದುವವರಲ್ಲ. ಪ್ರತಿ ಸಲ ‘ಇಲ್ಲ’ ಎನ್ನುವಾಗಲೂ ಪಾಪ, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುತ್ತಿದ್ದರು. ಅದಕ್ಕೂ ಮೊದಲು, ಬಿಡದ ಕೆಮ್ಮಿಗೆ ಟಿ.ಬಿ. ಇರಬೇಕೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದಾಗಿತ್ತು.

ಬಯಾಪ್ಸಿಯ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದರು. ಇಜಿಎಫ್‌ಆರ್! ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ನನ್ನ ಪಾಲಿಗೆ ಅದು ಅಲ್ಲಿಯವರೆಗೆ ಐದು ಅಂಕದ ಪ್ರಶ್ನೆಯಷ್ಟೇ.

ಇದೊಂದು ಪ್ರೊಟೀನ್. ತಲೆ ಜೀವಕೋಶದ ಹೊರಗೆ, ಬಾಲ ಒಳಗೆ. ‘ಬೆಳೆ’ ಎಂಬ ಸಂದೇಶ ತರುವ ಅಣು ಹೊರಗಿನ ತಲೆಗೆ ಅಂಟಿದರೆ ಒಳಗಿನ ಬಾಲ ಚುರುಕಾಗಿ, ಕೋಶ ಎರಡಾಗುತ್ತದೆ. ಗಾಯ ಮಾಯುವುದರಲ್ಲೂ ಇದರ ಪಾಲಿದೆ. ಆ ಸಂದೇಶದ ಅಣುವನ್ನು ಕಂಡುಹಿಡಿದ ಕಥೆಯೇ ಮಜವಾಗಿದೆ. ಇಲಿಯ ಜೊಲ್ಲುಗ್ರಂಥಿಯ ರಸವನ್ನು ಎಳೆ ಇಲಿಮರಿಗಳಿಗೆ ಚುಚ್ಚಿದಾಗ ಅವು ಅವಧಿಗೆ ಮುಂಚೆಯೇ ಕಣ್ಣು ಬಿಟ್ಟವಂತೆ. ಅದರ ಬೆನ್ನು ಹತ್ತಿದ ಸ್ಟ್ಯಾನ್ಲಿ ಕೊಹೆನ್‌ಗೆ 1986ರಲ್ಲಿ ನೊಬೆಲ್ ಬಂತು.

ಅತ್ತೆಯ ವರದಿಯಲ್ಲಿದ್ದದ್ದು ‘ಎಲ್858ಆರ್’. ಅಂದರೆ ಈ ಪ್ರೊಟೀನಿನ 858ನೇ ಜಾಗದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಆರ್ಜಿನಿನ್ ಕೂತಿದೆ. ಸಾವಿರಕ್ಕೂ ಹೆಚ್ಚು ಮಣಿಗಳ ಸರದಲ್ಲಿ ಒಂದೇ ಮಣಿ ಬೇರೆ! ಅಷ್ಟಕ್ಕೇ ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಕೋಶಗಳು ಬೆಳೆಯುತ್ತವೆ, ಸಾಯಬೇಕಾದಾಗ ಸಾಯುವುದಿಲ್ಲ, ಕೊಂಡಿ ಕಳಚಿಕೊಂಡು ರಕ್ತದೊಡನೆ ಮೂಳೆಗೆ, ಮೆದುಳಿಗೆ ಹೊರಟುಬಿಡುತ್ತವೆ. ಸಿಗರೇಟು ಸೇದದವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ ಇಂಥ ಬದಲಾವಣೆ ಹೆಚ್ಚು.

ಇದು ಗೊತ್ತಾದದ್ದರಿಂದ ಕೀಮೋ ಬದಲು ದಿನಕ್ಕೊಂದು ಮಾತ್ರೆ, ಜೆಫಿಟಿನಿಬ್, ಶುರುವಾಯಿತು. ಅದು ಪ್ರೊಟೀನಿನ ಬಾಲದ ಸಂದಿಯಲ್ಲಿ ಕೂತು ಸ್ವಿಚ್ಚನ್ನು ತಡೆಯುತ್ತದೆ. ಯಾರಿಗೆ ಈ ಮದ್ದು ನಾಟುತ್ತದೆ, ಯಾಕೆ ಎಂಬುದು ಬಯಲಾದದ್ದು 2004ರಲ್ಲಿ. ಮೈಮೇಲೆ ಗುಳ್ಳೆ ಎದ್ದವು, ಹೊಟ್ಟೆ ಕೆಟ್ಟಿತು, ಆದರೆ ಮೂರು ತಿಂಗಳಲ್ಲಿ ಅತ್ತೆ ಮಹಡಿ ಹತ್ತಿ ಹಪ್ಪಳ ಒಣಗಿಸಿದರು! ‘ಪ್ರೊಟೀನ್ ಅಂದ್ರೆ, ಬೇಳೆ ತಿನ್ನೋದು ಬಿಡ್ಬೇಕೇನೇ?’ ಎಂದು ಕೇಳಿದ್ದರು. ಬೇಡ ಅತ್ತೆ, ಬೇಳೆಗೂ ಇದಕ್ಕೂ ಸಂಬಂಧವಿಲ್ಲ ಎಂದೆ.

ಕ್ಯಾನ್ಸರೂ ಸುಮ್ಮನಿರುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ 790ನೇ ಜಾಗವೂ ಬದಲಾಗಿತ್ತು, ಹಳೆ ಮಾತ್ರೆ ಅಲ್ಲಿ ಸರಿಯಾಗಿ ಕೂರದು. ಅದಕ್ಕೆಂದೇ ಬಂದ ಒಸಿಮರ್ಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ಈಗ ಅತ್ತೆ ಅದನ್ನೇ ನುಂಗುತ್ತಿದ್ದಾರೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮಾವ ಊರಿನ ಸೈಟು ಮಾರಿದ್ದಾರೆ.

ಮೊನ್ನೆ ಅತ್ತೆಯ ಮಗಳು ಪಕ್ಕದಲ್ಲಿ ಮಲಗಿದ್ದವಳು ಮೆಲ್ಲಗೆ, ‘ಅಕ್ಕಾ, ನಂಗೂ ಬರುತ್ತಾ?’ ಅಂದಳು. ಈ ಬದಲಾವಣೆ ಸಾಮಾನ್ಯವಾಗಿ ಹುಟ್ಟಿನಿಂದ ಬಂದದ್ದಲ್ಲ, ಶ್ವಾಸಕೋಶದ ಯಾವುದೋ ಒಂದು ಕೋಶದಲ್ಲಿ ಆಮೇಲೆ ಆದದ್ದು ಎಂದು ವಿವರಿಸಿದೆ. ಎರಡು ಸಲ ಹೇಳಿಸಿಕೊಂಡು ಮಗ್ಗುಲು ಬದಲಿಸಿದಳು.