ಕಲ್ಲಿದ್ದಲಿನ ಊರಿಗೆ ಹೋಗಿಬಂದು

ಗೊಬ್ಬೂರಿನ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ಮಾಸ್ತರ್ರೀ, ನಮ್ಮ ಭೂಮಿ ಇಷ್ಟು ಕರ್ರಗ ಅದ, ಇದರಾಗ ಕಲ್ಲಿದ್ದಲ ಯಾಕ ಇಲ್ಲ?” ಕೇಳಿದವರು ನಕ್ಕರು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಅದೇ ಪ್ರಶ್ನೆಯನ್ನು ಹೊತ್ತು ನಾನು ಗೋದಾವರಿ ತೀರದ ಗಣಿಪಟ್ಟಣವೊಂದಕ್ಕೆ ಹೋಗಿಬಂದೆ.

ಮೊದಲು ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅಫಜಲಪುರ ಸೀಮೆಯ ಎರೆಮಣ್ಣು ಕಪ್ಪಾಗಿರುವುದು ಇದ್ದಲಿನಿಂದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹೆಪ್ಪುಗಟ್ಟಿದ ಲಾವಾರಸವು ಕಾಲಕ್ರಮದಲ್ಲಿ ಶಿಥಿಲವಾಗಿ ಆದ ಮಣ್ಣು ಅದು. ನಮ್ಮ ಜಿಲ್ಲೆಯ ಶಹಾಬಾದಿನ ಪರಸಿ ಕಲ್ಲು ಅದಕ್ಕಿಂತ ಬಹಳ ಹಳೆಯದು. ನೆಲದ ಮೇಲೆ ಗಿಡಮರಗಳೇ ಹುಟ್ಟಿರದ ಕಾಲದಲ್ಲಿ ನೀರಿನಡಿ ಪದರಪದರವಾಗಿ ಕೂಡಿದ್ದು. ಕಲ್ಲಿದ್ದಲೆಂದರೆ ಹೂತುಹೋದ ಕಾಡು. ಕಾಡು ಹುಟ್ಟುವುದಕ್ಕೆ ಮುಂಚಿನ ಕಲ್ಲಿನಲ್ಲಾಗಲಿ, ಬೆಂಕಿಯಿಂದ ಬಂದ ಕಲ್ಲಿನಲ್ಲಾಗಲಿ ಅದನ್ನು ಹುಡುಕಿ ಫಲವಿಲ್ಲ. ಇವೆರಡರ ನಡುವಣ ಕಾಲದಲ್ಲಿ, ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ, ಇಂದಿನ ಗೋದಾವರಿ ಕಣಿವೆಯ ನೆಲ ಕುಸಿಯುತ್ತ ಹೋಯಿತು. ಅಲ್ಲಿಯ ಜೌಗು ಕಾಡುಗಳು ಹೂಳಿನಡಿ ಸಿಕ್ಕಿ, ಒತ್ತಡಕ್ಕೂ ಕಾವಿಗೂ ಒಳಗಾಗಿ ಕಲ್ಲಿದ್ದಲಾದವು. ಆಗ ಭಾರತ, ಆಫ್ರಿಕ, ಆಸ್ಟ್ರೇಲಿಯಗಳು ಒಂದೇ ಭೂಖಂಡವಾಗಿದ್ದವು. ಅದಕ್ಕೆ ವಿಜ್ಞಾನಿಗಳು ಇಟ್ಟ ಗೊಂಡವಾನ ಎಂಬ ಹೆಸರು ಗೊಂಡ ಜನರ ನಾಡಿನದೇ.

ಭೂವಿಜ್ಞಾನ ಇಲಾಖೆಯ ಡಾ. ಕಿಂಗ್ ಅವರು 1871ರಲ್ಲಿ ಯಲ್ಲಂದು ಗ್ರಾಮದ ಬಳಿ ಕಲ್ಲಿದ್ದಲನ್ನು ಕಂಡರು. 1886ರಲ್ಲಿ ಇಂಗ್ಲೆಂಡಿನ ಕಂಪನಿಯೊಂದು ಗಣಿಯ ಹಕ್ಕು ಪಡೆಯಿತು; 1889ರಲ್ಲಿ ಅಗೆತ ಆರಂಭವಾಯಿತು. 1920ರಲ್ಲಿ ಸಿಂಗರೇಣಿ ಕಾಲರೀಸ್ ಎಂಬ ಹೆಸರಿನ ಕಂಪನಿ ಸ್ಥಾಪನೆಗೊಂಡಿತು; 1945ರಲ್ಲಿ ಅದು ನಿಜಾಮ ಸರಕಾರದ ಕೈಸೇರಿತು. 1956ರವರೆಗೆ ನಮ್ಮ ಕಲಬುರಗಿಯೂ ಆ ಗಣಿಗಳೂ ಒಂದೇ ಹೈದರಾಬಾದು ಸಂಸ್ಥಾನಕ್ಕೆ, ಅನಂತರ ಅದೇ ಹೆಸರಿನ ರಾಜ್ಯಕ್ಕೆ ಸೇರಿದ್ದವೆಂಬುದನ್ನು ನಾವು ಮರೆತಿದ್ದೇವೆ.

ವಾಡಿ, ಸಿಕಂದರಾಬಾದು, ಕಾಜಿಪೇಟೆಗಳನ್ನು ದಾಟಿ ರಾಮಗುಂಡಂನಲ್ಲಿ ರೈಲಿಳಿದರೆ ಗೋದಾವರಿಖನಿ ಹತ್ತಿರ. ‘ಖನಿ’ ಎಂದರೆ ಗಣಿಯೇ; ಊರಿನ ಹುಟ್ಟು ಅದರ ಹೆಸರಿನಲ್ಲೇ ಇದೆ. ಸಾಲು ಸಾಲು ಕಾರ್ಮಿಕರ ಕ್ವಾರ್ಟರ್ಸುಗಳು, ಆಸ್ಪತ್ರೆ, ಅಂಗಡಿ ಬೀದಿ. ಊರಾಚೆ ಗುಡ್ಡಗಳು ಕಂಡವು. ಹತ್ತಿರ ಹೋದಾಗ ತಿಳಿಯಿತು, ಅವು ಗಣಿಯಿಂದ ತೆಗೆದು ಸುರಿದ ಮಣ್ಣಿನ ರಾಶಿಗಳು. ತೆರೆದ ಗಣಿಯ ಅಂಚಿನಲ್ಲಿ ನಿಂತರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮಹಾಗರ್ತ; ತಳದಲ್ಲಿ ಓಡಾಡುವ ಡಂಪರುಗಳು ಮಕ್ಕಳ ಆಟಿಗೆಗಳಂತೆ ಕಾಣುತ್ತವೆ. ಕಲ್ಲಿದ್ದಲಿನ ಪದರ ಓರೆಯಾಗಿ ಇಳಿದಿರುವುದರಿಂದ, ಮುಂದೆ ಹೋದಂತೆಲ್ಲ ಒಂದು ಟನ್ ಇದ್ದಲಿಗಾಗಿ ತೆಗೆಯಬೇಕಾದ ಮಣ್ಣುಕಲ್ಲು ಹೆಚ್ಚುತ್ತ ಹೋಗುತ್ತದೆ.

ನಿವೃತ್ತ ಕಾರ್ಮಿಕರೊಬ್ಬರು ಹಳೆಯ ದಿನಗಳನ್ನು ನೆನೆದರು. ಅಲ್ಲಿಯವರು ನೆಲದೊಳಗಿನ ಗಣಿಯನ್ನು ‘ಬಾಯಿ’ ಎನ್ನುತ್ತಾರೆ. ನಮ್ಮ ಬಾವಿಯೇ ಅದು. ಕೆಲಸಕ್ಕೆ ಇಳಿಯುವ ಮುನ್ನ ತಲೆಗೆ ಕಟ್ಟುವ ದೀಪವನ್ನು ಪಡೆದು, ಹೊರಬಂದ ಮೇಲೆ ಮರಳಿಸಬೇಕು. “ಪಾಳಿ ಮುಗಿದ ಮೇಲೆ ಒಂದು ದೀಪ ವಾಪಸು ಬರದಿದ್ದರೆ ಎಲ್ಲರ ಎದೆ ನಿಲ್ಲುತ್ತಿತ್ತು ಸಾರ್” ಎಂದರು. ಈಗ ಇಲ್ಲಿಯ ಇದ್ದಲಿನ ಬಹುಪಾಲು ಬರುವುದು ತೆರೆದ ಗಣಿಗಳಿಂದ. ನೆಲದಡಿಯ ಭಯ ಕಡಿಮೆಯಾಗಿದೆ. ಜೊತೆಗೆ ಕೆಲಸವೂ ಕಡಿಮೆಯಾಗಿದೆ. 1990ರ ದಶಕದ ಆರಂಭದಲ್ಲಿ ಸಿಂಗರೇಣಿಯಲ್ಲಿ ಲಕ್ಷಕ್ಕೂ ಮೀರಿದ ಕಾರ್ಮಿಕರಿದ್ದರು. ಇಂದು ಅದರ ಅರ್ಧಕ್ಕೂ ಕಡಿಮೆ. ಉತ್ಪಾದನೆಯಾದರೋ 2023–24ರಲ್ಲಿ ಸುಮಾರು 7 ಕೋಟಿ ಟನ್ನಿಗೆ ಏರಿತು. ನೆಲದಡಿಯ ಗಣಿಯ ಮೇಲೆ ಹೊಲವಾದರೂ ಉಳಿಯಬಹುದಿತ್ತು. ತೆರೆದ ಗಣಿಗೆ ಊರು ಹೊಲಗಳೇ ಜಾಗ ಬಿಡಬೇಕು.

ಗಣಿಯೂರಿಗೆ ಆಯುಷ್ಯದ ಲೆಕ್ಕವೂ ಉಂಟು. ಆಸ್ಟ್ರೇಲಿಯದ ಒಳನಾಡಿನ ಮರುಭೂಮಿಯಲ್ಲಿ ಲೀ ಕ್ರೀಕ್ ಎಂಬ ಊರಿತ್ತು. ಊರಿನಡಿಯಲ್ಲೇ ಕಲ್ಲಿದ್ದಲು ಇದ್ದುದರಿಂದ 1980ರ ದಶಕದ ಆರಂಭದಲ್ಲಿ ಊರನ್ನೇ 13 ಕಿಲೋಮೀಟರು ದಕ್ಷಿಣಕ್ಕೆ ಒಯ್ದು, ಅಚ್ಚುಕಟ್ಟಾಗಿ ಹೊಸದಾಗಿ ಕಟ್ಟಿದರು. 2015ರಲ್ಲಿ ಗಣಿ ಮುಚ್ಚಿತು. ಮನೆಗಳು ಉಳಿದವು, ಜನ ಚದುರಿದರು. ಅಷ್ಟು ದೂರ ಹೋಗುವುದೇಕೆ? ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಆದದ್ದೂ ಇದೇ. ಗಣಿ ನಡೆಯುತ್ತಿರುವಾಗಲೇ ಆ ಊರಿನ ಮಕ್ಕಳಿಗೆ ಮತ್ತೊಂದು ಜೀವನೋಪಾಯವನ್ನು ಯೋಚಿಸದಿದ್ದರೆ, ಮುಚ್ಚಿದ ಮೇಲೆ ಯೋಚಿಸಲು ಊರಲ್ಲಿ ಯಾರೂ ಇರುವುದಿಲ್ಲ.

ಮರಳಿ ಬಂದು ಎಲ್ಲವನ್ನೂ ಹಿರಿಯರಿಗೆ ವಿವರಿಸಿದೆ. “ಹಂಗಾದ್ರ ನಮ್ಮ ತೊಗರೀನೇ ಛಲೋ ಬಿಡ್ರಿ” ಎಂದರು. ಮಾತು ನಿಜ. ಎರೆಭೂಮಿ ವರ್ಷವರ್ಷವೂ ಬೆಳೆಯುತ್ತದೆ. ಇದ್ದಲು ಒಮ್ಮೆ ಉರಿದರೆ ಮುಗಿಯಿತು. ಆದರೆ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದ ಒಲೆಗಳಲ್ಲಿ ಸಿಂಗರೇಣಿಯ ಇದ್ದಲೂ ಉರಿಯುತ್ತದೆ. ನಮ್ಮ ಪಂಪುಸೆಟ್ಟು ತಿರುಗಲೆಂದು ಯಾರದೋ ಹೊಲ ಗರ್ತವಾಗಿದೆ. ಇದನ್ನೂ ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.