ಎಲ್ಲಿಸ್ ಪಾರ್ಕಿನ ಆ ಸಂಜೆ

2018ರ ಜೂನ್ 9. ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ಚಳಿಗೆ ಶಾಲು ಹೊದ್ದು ಕೂತಿದ್ದೆ. ಆಟ ಶುರುವಾಗಿ ಇಪ್ಪತ್ತು ನಿಮಿಷವೂ ಕಳೆದಿರಲಿಲ್ಲ. ಇಂಗ್ಲೆಂಡ್ 24, ದಕ್ಷಿಣ ಆಫ್ರಿಕಾ 3. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ, ರಗ್ಬಿ ನೋಡುತ್ತಲೇ ಬೆಳೆದವರು, ಹಸಿರು ಟೋಪಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾ "ಮತ್ತೆ ಅದೇ ಗತಿ" ಎಂದರು.

ಆ ಗತಿ ನನಗೂ ಗೊತ್ತಿತ್ತು. 2016ರಲ್ಲಿ ಡರ್ಬನ್‌ನಲ್ಲಿ, ತವರಿನ ಜನರ ಕಣ್ಣೆದುರೇ, ನ್ಯೂಜಿಲೆಂಡ್‌ಗೆ 57-15ರಿಂದ ಸೋಲು. ಅಲ್ಲಿಯವರೆಗೆ ಒಮ್ಮೆಯೂ ತಮ್ಮನ್ನು ಸೋಲಿಸದಿದ್ದ ಇಟಲಿಗೆ ಅದೇ ವರ್ಷದ ನವೆಂಬರ್‌ನಲ್ಲಿ ಶರಣು. ಮರುವರ್ಷ ನ್ಯೂಜಿಲೆಂಡಿನ ಆಲ್ಬನಿಯಲ್ಲಿ ಆ ತಂಡಕ್ಕೇ 57-0ರಿಂದ ಸೋಲು. ಅಷ್ಟರಲ್ಲಾಗಲೇ ಎರಡು ಸಲ ವಿಶ್ವಕಪ್ ಎತ್ತಿದ್ದ ತಂಡ ಇದು! ಕೋಚ್ ಆಲಿಸ್ಟರ್ ಕುಟ್ಸಿಯ ಹೋದರು, ರಾಸಿ ಎರಾಸ್ಮಸ್ ಬಂದರು.

ಕೋಚ್ ಬದಲಾದ ಮಾತ್ರಕ್ಕೆ ಸೋಲುವ ತಂಡ ಗೆಲ್ಲುತ್ತದೆಂದು ನಾನು ನಂಬುವುದಿಲ್ಲ. 2023ರಲ್ಲಿ ಆಸ್ಟ್ರೇಲಿಯಾ ಎಡ್ಡಿ ಜೋನ್ಸ್ ಅವರನ್ನು ಮರಳಿ ಕರೆತಂದಿತು. ಅವರು ಮೈಕಲ್ ಹೂಪರ್, ಕ್ವೇಡ್ ಕೂಪರ್‌ರಂಥ ಪಳಗಿದವರನ್ನು ವಿಶ್ವಕಪ್ಪಿನಿಂದ ಕೈಬಿಟ್ಟು ಹುಡುಗರನ್ನು ನಂಬಿದರು. ಫಿಜಿಗೆ ಸೋತು, ವೇಲ್ಸ್‌ಗೆ 40-6ರಿಂದ ಸೋತು, ಆ ತಂಡ ಮೊದಲ ಬಾರಿಗೆ ಗುಂಪಿನ ಹಂತದಲ್ಲೇ ಮನೆಗೆ ಬಂತು.

ಎರಾಸ್ಮಸ್ ಹಾಗಲ್ಲ; ಅವರು ಮೊದಮೊದಲು ಮಾಡಿದ ಕೆಲಸಗಳಲ್ಲೊಂದು ಹೊರದೇಶದ ಕ್ಲಬ್‌ಗಳಲ್ಲಿದ್ದವರಿಗೆ ಬಾಗಿಲು ತೆರೆದದ್ದು. ಹೊರಗೆ ಆಡುವವರು 30 ಟೆಸ್ಟ್ ಮುಗಿಸಿರಲೇಬೇಕೆಂಬ ನಿಯಮ ಸಡಿಲಗೊಂಡಿತು. ಹಾಗಾಗಿಯೇ ಇಂಗ್ಲೆಂಡಿನಲ್ಲಿ ಆಡುತ್ತಿದ್ದ ಹೊಂಗೂದಲಿನ ಫಾಫ್ ಡಿ ಕ್ಲರ್ಕ್ ಅಂದು ನಮ್ಮೆದುರು ಆಡಿದ್ದು. ಡುವೇನ್ ವರ್ಮ್ಯೂಲನ್, ವಿಲ್ಲಿ ಲೆ ರೂ ಕೂಡ ಬಂದಿದ್ದರು. ನಾಯಕ ಸಿಯಾ ಕೊಲಿಸಿ. ದಕ್ಷಿಣ ಆಫ್ರಿಕಾದ ಟೆಸ್ಟ್ ತಂಡವನ್ನು ಮುನ್ನಡೆಸಿದ ಮೊದಲ ಕಪ್ಪು ಆಟಗಾರ.

ಕಬಡ್ಡಿಯಲ್ಲಿ ಮೂವರೇ ಉಳಿದಾಗ, "ನುಗ್ಗಬೇಡ, ಕಾಯಿ" ಎಂದು ಕಿರಿಯನ ಕೈ ಜಗ್ಗುವ ಹಳೆಯ ಕಾರ್ನರ್ ಆಟಗಾರನಿರುತ್ತಾನಲ್ಲ, ಅಂಥವರು ಬೇಕಾದದ್ದು ಆ 24-3ರ ಹೊತ್ತಿನಲ್ಲಿ. ಗುಂಪಿನಡಿಯಿಂದ ಚೆಂಡು ಎತ್ತಿ ಡಿ ಕ್ಲರ್ಕ್ ಎಸೆಯುವ ವೇಗಕ್ಕೆ ಇಂಗ್ಲೆಂಡಿನವರು ಸಾಲುಗೂಡುವಷ್ಟರಲ್ಲಿ ಆಟ ಇನ್ನೊಂದು ಬದಿಗೆ ಹೋಗಿರುತ್ತಿತ್ತು. ವಿರಾಮಕ್ಕೆ ಮೊದಲೇ ದಕ್ಷಿಣ ಆಫ್ರಿಕಾ 29-27ರಿಂದ ಮುಂದಿತ್ತು. ಕೊನೆಗೆ 42-39ರ ಗೆಲುವು. ಸಹೋದ್ಯೋಗಿ ಆ ಸುಕ್ಕಾದ ಟೋಪಿಯನ್ನು ತಲೆಗೇರಿಸಿ, ಮಾತಿಲ್ಲದೆ ನನ್ನ ಹೆಗಲು ಹಿಡಿದರು.

ಅನುಭವಿಗೆ ಇಂಥದ್ದೇ ಕೆಲಸ ಎಂದು ಕೋಚ್ ಗೊತ್ತುಮಾಡಬೇಕು, ಅದೇ ಮುಖ್ಯ. 2019ರ ವಿಶ್ವಕಪ್ಪಿನಲ್ಲಿ ಎರಾಸ್ಮಸ್ ಎಂಟು ಬದಲಿ ಆಟಗಾರರಲ್ಲಿ ಆರು ಮಂದಿ ಫಾರ್ವರ್ಡ್‌ಗಳನ್ನೇ ಇಟ್ಟುಕೊಂಡರು. ಸಾಮಾನ್ಯವಾಗಿ ಇರುತ್ತಿದ್ದುದು ಐವರು. ಫಾರ್ವರ್ಡ್‌ಗಳೆಂದರೆ ಸ್ಕ್ರಮ್ಮಿನಲ್ಲಿ ತೋಳು ಹೆಣೆದು, ತಲೆ ತಗ್ಗಿಸಿ, ಎಂಟೆಂಟು ಮಂದಿ ಎದುರುಬದುರಾಗಿ ತಳ್ಳುವ ದಢೂತಿಗಳು. ಯೊಕೊಹಾಮಾದ ಫೈನಲ್‌ನಲ್ಲಿ ಆಟ ಆರಂಭಿಸಿದ ಫಾರ್ವರ್ಡ್‌ಗಳಲ್ಲಿ ಇಬ್ಬರು ಬೇಗನೆ ಗಾಯಗೊಂಡು ಹೊರನಡೆದರೂ ತಳ್ಳುವ ಬಲ ಕುಗ್ಗಲಿಲ್ಲ.

ಅಂದು 34ರ ಫಾರ್ವರ್ಡ್ ಟೆಂಡಾಯ್ ಮ್ತಾವಾರಿರಾಗೆ ಎಂಬತ್ತು ನಿಮಿಷ ಓಡುವ ಹೊರೆ ಇರಲಿಲ್ಲ. ದಣಿಯುವವರೆಗೆ ತಳ್ಳು, ಆಮೇಲೆ ಇನ್ನೊಬ್ಬರು ಬರುತ್ತಾರೆ. ಅವರು ತಳ್ಳಿದ ಸ್ಕ್ರಮ್ಮುಗಳು ಪೆನಾಲ್ಟಿ ತಂದವು, ಹಾಂಡ್ರೆ ಪೊಲ್ಲಾರ್ಡ್ ಅವುಗಳನ್ನು ಅಂಕವಾಗಿಸಿದರು. ಇಂಗ್ಲೆಂಡ್ 32-12ರಿಂದ ಸೋತಿತು. ಮ್ತಾವಾರಿರಾ ದೇಶಕ್ಕಾಗಿ ಆಡಿದ 117ನೆಯ ಟೆಸ್ಟ್ ಅದು. ಕೆಲವೇ ದಿನಗಳಲ್ಲಿ ಅವರು ನಿವೃತ್ತಿ ಘೋಷಿಸಿದರು.